ನಿಂತು ಹೊಡೆದೇ ಅಭ್ಯಾಸ, ಕೂತಲ್ಲಿ ಬಿದ್ದಲ್ಲಿ ಎಂತ ಮಾಡುದು?

ಪ್ರಶ್ನೆ: ಉಡುಪಿಯಲ್ಲಿ ನಮ್ಮದೊಂದು ಚಿನ್ನದ ಅಂಗಡಿ ಉಂಟು. ಸ್ವರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿ ಪಾಯಿಂಟ್ 32 ರಿವಾಲ್ವರ್ ಇಟ್ಟಿದ್ದೇನೆ, ಕಾನ್ಪುರದ್ದು. ಶೂಟಿಂಗ್ ರೇಂಜಿಗೆ ಹೋದ್ರೆ ನಿಂತುಕೊಂಡು ಪೇಪರಿಗೆ ಹೊಡೆದು ಬರುದು, ಅಷ್ಟೇ ಗೊತ್ತಿರುದು. 2025 ಜನವರಿಯ ಕೋಟೆಕಾರು ಬ್ಯಾಂಕ್ ದರೋಡೆ ಆದ ಮೇಲೆ ಮನೆಯವರಿಗೆ ಹೆದರಿಕೆ ಜಾಸ್ತಿ ಆಗಿದೆ. ವಿಡಿಯೋಗಳಲ್ಲಿ ಅಮೆರಿಕದವರು ಅಂಗಾತ ಮಲಗಿ, ಮೊಣಕಾಲೂರಿ, ಕಾರಿನ ಅಡಿಯಿಂದ ಎಲ್ಲ ಹೊಡೀತಾರೆ. ಇದೆಲ್ಲ ನಾನು ಕಲೀಬೇಕಾ? ಹಿರಿಯಡ್ಕ ಕಡೆ ಎರಡು ಎಕ್ರೆ ಅಡಿಕೆ ತೋಟ ಉಂಟು, ಅಲ್ಲೇ ಪ್ರಾಕ್ಟೀಸ್ ಮಾಡ್ಬಹುದಾ? ವಯಸ್ಸು 52, ಬಲ ಮೊಣಕಾಲು ಚೂರು ನೋವು.

ಉತ್ತರ: ತೋಟದ ವಿಷಯ ಮೊದಲು ಮುಗಿಸುವ, ಯಾಕಂದ್ರೆ ಅದಕ್ಕೆ ಉತ್ತರ ಸೀದಾ ಉಂಟು, ಬೇಡ. ಪಕ್ಕದ ತೋಟದವರು ಹಂದಿ, ಮಂಗ ಓಡಿಸ್ಲಿಕ್ಕೆ ಕೋವಿಯಲ್ಲಿ ಈಡು ಹೊಡೆಯುದು ನೀವು ನೋಡಿರ್ತೀರಿ, ಆದ್ರೆ ಅವರದ್ದು ಬೆಳೆ ರಕ್ಷಣೆ ಲೈಸೆನ್ಸ್, ನಿಮ್ಮದು ಸ್ವರಕ್ಷಣೆಯದ್ದು, ನಿಮ್ಮ ಗುರಿ ಅಭ್ಯಾಸಕ್ಕೆ ಜಾಗ ಅಂದ್ರೆ ಪರವಾನಗಿ ಇರುವ ರೇಂಜ್ ಮಾತ್ರ. ಕಾನೂನು ಒಂದು ಕಡೆ ಇರ್ಲಿ, ನಮ್ಮ ಊರಿನ ರಚನೆಯೇ ಇದಕ್ಕೆ ಆಗಿ ಬರುದಿಲ್ಲ ಮಾರಾಯ್ರೆ. ಘಟ್ಟದ ಮೇಲೆ ಆದ್ರೆ ಊರು ಒಂದು ಕಡೆ ಗುಂಪಾಗಿ, ಹೊಲ ಇನ್ನೊಂದು ಕಡೆ. ಇಲ್ಲಿ ಹಾಗಲ್ಲ, ಒಬ್ಬೊಬ್ಬರ ಮನೆ ಅವರವರ ತೋಟದ ಒಳಗೆ, ಮರದ ಮರೆಯಲ್ಲಿ, ಯಾವ ದಿಕ್ಕಿಗೆ ನೋಡಿದ್ರೂ ಕಾಣದ ಒಂದು ಮನೆ ಇದ್ದೇ ಇರ್ತದೆ, ಬೆಳಿಗ್ಗೆ ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಹುಲ್ಲು ತರುವವರು ಎಲ್ಲಿಂದ ಬರ್ತಾರೆ ಅಂತ ಹೇಳ್ಲಿಕ್ಕೆ ಆಗುದಿಲ್ಲ.

ಮತ್ತೆ ನೀವು ಕೇಳಿದ್ದು ಮಲಗಿ ಹೊಡೆಯುವ ವಿಷಯ ಅಲ್ವಾ, ಅದ್ರಲ್ಲಿ ಒಂದು ಲೆಕ್ಕ ಉಂಟು, ಇದನ್ನು ಹೆಚ್ಚಿನವರು ಯೋಚನೆ ಮಾಡುದೇ ಇಲ್ಲ. ನಿಂತು ಹೊಡೆದ್ರೆ ಗುಂಡು ಹೆಚ್ಚುಕಮ್ಮಿ ನೆಲಕ್ಕೆ ಸಮವಾಗಿ ಹೋಗ್ತದೆ, ಹಿಂದೆ ಒಂದಾಳು ಎತ್ತರದ ಮಣ್ಣಿನ ದಿಬ್ಬ ಇದ್ರೆ ಅದಕ್ಕೆ ಹೊಕ್ಕಿ ಮುಗೀತು. ಅಂಗಾತ ಮಲಗಿದ್ರೆ ರಿವಾಲ್ವರಿನ ಬಾಯಿ ನೆಲದಿಂದ 30 ಸೆಂಟಿಮೀಟರ್ ಮೇಲೆ ಅಂತ ಇಟ್ಕೊಳ್ಳಿ. ಮೂರು ಮೀಟರ್ ಆಚೆ ನಿಂತ ಟಾರ್ಗೆಟಿನ ಎದೆ 120 ಸೆಂಟಿಮೀಟರ್ ಎತ್ತರದಲ್ಲಿ. ಮೂರು ಮೀಟರಿಗೆ 90 ಸೆಂಟಿಮೀಟರ್ ಏರಿತು, ಅಂದ್ರೆ ಹತ್ತು ಮೀಟರಿಗೆ ಹೋಗುವಾಗ ಗುಂಡು ನೆಲದಿಂದ ಮೂರು ಕಾಲು ಮೀಟರಿಗಿಂತ ಚೂರು ಮೇಲೆ ಇರ್ತದೆ. ಅಲ್ಲಿ ಎಂಟಡಿ ದಿಬ್ಬ ಇದ್ರೂ ಅದರ ತಲೆಯ ಮೇಲಿಂದ ಹಾರಿ ನೂರಾರು ಮೀಟರ್ ಆಚೆ ಯಾರದ್ದೋ ಅಂಗಳಕ್ಕೆ ಬೀಳ್ತದೆ. ಟಾರ್ಗೆಟ್‌ಗೆ ಸರಿಯಾಗಿ ತಾಗಿದ ಗುಂಡಿನ ಕಥೆ ಇದು, ತಪ್ಪಿದ್ದರ ಕಥೆ ಬೇರೆಯೇ. ಅದಕ್ಕೇ ಎಷ್ಟೋ ರೇಂಜ್‌ಗಳಲ್ಲಿ ಮಲಗಿ ಪಿಸ್ತೂಲ್ ಹೊಡೆಯಲಿಕ್ಕೆ ಬಿಡುದಿಲ್ಲ, ಬಿಟ್ಟಲ್ಲಿ ಟಾರ್ಗೆಟನ್ನು ದಿಬ್ಬದ ಬುಡಕ್ಕೇ ತಂದು ನಿಲ್ಲಿಸ್ತಾರೆ. ಮಣ್ಣು ಟಾರ್ಗೆಟಿನಿಂದ ಒಂದೇ ಮೀಟರ್ ಹಿಂದೆ ಇದ್ರೆ ಅದೇ ಗುಂಡು ಒಂದೂವರೆ ಮೀಟರ್ ಎತ್ತರದಲ್ಲಿ ಮಣ್ಣಿಗೆ ಹೋಗ್ತದೆ, ತೊಂದರೆ ಇಲ್ಲ.

ಈಗ ಕಲೀಬೇಕಾ ಅಂದ್ರೆ, ಹೌದು, ಆದ್ರೆ ವಿಡಿಯೋದವರು ಮಾಡುವ ಎಲ್ಲ ಅಲ್ಲ. ಇವುಗಳ ಹಿಂದಿನ ವಿಚಾರ ಹಳೆಯದ್ದೇ. 1920, 30ರ ದಶಕಗಳಲ್ಲಿ ಶಾಂಘೈ ಪೊಲೀಸಿನ ವಿಲಿಯಂ ಫೇರ್‌ಬೈರ್ನ್ ಮತ್ತು ಎರಿಕ್ ಸೈಕ್ಸ್ ಅಂತ ಇಬ್ಬರು, ಮೈದಾನದಲ್ಲಿ ನೆಟ್ಟಗೆ ನಿಂತು ಕಲಿತದ್ದು ಕತ್ತಲ ಓಣಿಯಲ್ಲಿ, ಮೆಟ್ಟಿಲಲ್ಲಿ ಉಪಯೋಗಕ್ಕೆ ಬರುದಿಲ್ಲ ಅಂತ ಕಂಡು ಟ್ರೈನಿಂಗನ್ನೇ ಬದಲು ಮಾಡಿದ್ರು. ಮತ್ತೆ 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಡೆನ್ನಿಸ್ ಟ್ಯೂಲರ್ ಬರೆದದ್ದು ಇವತ್ತಿಗೂ ಎಲ್ಲರೂ ಹೇಳ್ತಾರೆ, ಚೂರಿ ಹಿಡಿದವ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಲ್ಲಿ ಓಡಿ ಬರ್ತಾನೆ, ಕಲಿತವನಿಗೂ ರಿವಾಲ್ವರ್ ಇಡುವ ಸೊಂಟದ ಚೀಲ, ಹೋಲ್ಸ್ಟರಿಂದ ತೆಗೆದು ಹೊಡೀಲಿಕ್ಕೆ ಅಷ್ಟೇ ಹೊತ್ತು ಬೇಕು. ನಮ್ಮ ಕಡೆ ಚೂರಿಗಿಂತ ತಲವಾರಿನ ಸುದ್ದಿಯೇ ಹೆಚ್ಚು, ಮತ್ತೆ ನಿಮ್ಮ ಅಂಗಡಿಯ ಬಾಗಿಲಿಂದ ಗಲ್ಲಾಪೆಟ್ಟಿಗೆಗೆ 21 ಅಡಿ ಇರುದು ಸಂಶಯ. ಅಂದ್ರೆ ಆ ಹೊತ್ತಿಗೆ ನೀವು ಕಾಲು ಅಗಲಿಸಿ ನಿಂತು ಉಸಿರು ಹಿಡಿದು ಗುರಿ ಇಡುವ ಸ್ಥಿತಿಯಲ್ಲಿ ಇರುದಿಲ್ಲ, ಕುರ್ಚಿಯಲ್ಲಿ ಇರ್ತೀರಿ, ಅಥವಾ ಹಿಂದೆ ಸರಿಲಿಕ್ಕೆ ಹೋಗಿ ಬಿದ್ದಿರ್ತೀರಿ.

ಹಾಗಾಗಿ ನಿಮಗೆ ನಾನು ಹೇಳುದು ಮುಖ್ಯವಾಗಿ ಕುರ್ಚಿ. ಎಲ್ಲರೂ ಇದನ್ನು ಬಿಟ್ಟು ನೆಲಕ್ಕೆ ಬೀಳುದನ್ನು ಕಲೀಲಿಕ್ಕೆ ಹೋಗ್ತಾರೆ, ಅದು ನೋಡ್ಲಿಕ್ಕೆ ಚಂದ ಅಲ್ವಾ. ನೀವು ದಿನದ ಹತ್ತು ಗಂಟೆ ಕೂತಿರುದು ಕುರ್ಚಿಯಲ್ಲಿ. ಒಮ್ಮೆ ಹೋಲ್ಸ್ಟರ್ ಕಟ್ಟಿ, ಅದರಲ್ಲಿ ಪ್ಲಾಸ್ಟಿಕ್ ಡಮ್ಮಿ ರಿವಾಲ್ವರ್ ಹಾಕಿ ನಿಮ್ಮ ಕುರ್ಚಿಯಲ್ಲೇ ಕೂತು ಎಳೆದು ನೋಡಿ. ಕುರ್ಚಿಗೆ ಕೈ ಇದ್ರೆ ಮೊಣಕೈ ಹಿಂದೆ ಹೋಗುದೇ ಇಲ್ಲ, ರಿವಾಲ್ವರ್ ಅರ್ಧ ಬಂದು ಸಿಕ್ಕಿಕೊಳ್ತದೆ. ಬಲವಂತವಾಗಿ ಎಳೆದ್ರೆ ಅದರ ಬಾಯಿ ಸೀದಾ ನಿಮ್ಮ ತೊಡೆಯ ಮೇಲೆ ಹಾದು ಹೋಗ್ತದೆ, ಬಲದಿಂದ ಎಡಕ್ಕೆ ಎರಡೂ ತೊಡೆ. ತೊಡೆಯ ಒಳಗೆ ದೊಡ್ಡ ರಕ್ತನಾಳ ಉಂಟು, ಅಲ್ಲಿಗೆ ತಾಗಿದ್ರೆ ನಿಮಿಷಗಳ ಲೆಕ್ಕ, ಆಸ್ಪತ್ರೆ ಎದುರಿಗೇ ಇದ್ರೂ ಕಷ್ಟವೇ. ಇದಕ್ಕೆ ಕ್ರಮ ಹೇಗಂದ್ರೆ, ಮೊದಲು ಕುರ್ಚಿಯ ತುದಿಗೆ ಜಾರಿ ಬರುದು, ಬೆನ್ನು ಚೂರು ಮುಂದೆ ಬಾಗಿಸುದು, ಎಡ ಕೈ ಎದೆಗೆ ಅಂಟಿಸಿ ಇಡುದು, ಅದು ರಿವಾಲ್ವರಿನ ಬಾಯಿಯ ಎದುರು ಬರಬಾರದು ಅಂತ. ರಿವಾಲ್ವರನ್ನು ಮೊದಲು ಮೇಲಕ್ಕೆ ಎತ್ತಿ ಪಕ್ಕೆಲುಬಿನ ಹತ್ತಿರ ತಂದು ಬಾಯಿ ಎದುರಿಗೆ ತಿರುಗಿದ ಮೇಲೆಯೇ ಮೇಜಿನ ಮೇಲಿಂದ ಮುಂದಕ್ಕೆ ಚಾಚುದು. ಬೆರಳು ಅಷ್ಟೂ ಹೊತ್ತು ಫ್ರೇಮಿನ ಮೇಲೆ ಉದ್ದಕ್ಕೆ, ಟ್ರಿಗರಿನ ಒಳಗೆ ಅಲ್ಲವೇ ಅಲ್ಲ. ಅಮೆರಿಕದ ಪಿಸ್ತೂಲ್ ಗುರು ಜೆಫ್ ಕೂಪರ್ ಹೇಳಿದ ನಾಲ್ಕು ಸೇಫ್ಟಿ ನಿಯಮ ಕೇಳಿರ್ತೀರಿ: ಯಾವಾಗಲೂ ಲೋಡ್ ಆಗಿದೆ ಅಂತಲೇ ಹಿಡಿಯುದು, ಹಾಳು ಮಾಡ್ಲಿಕ್ಕೆ ಮನಸ್ಸಿಲ್ಲದ್ದರ ಕಡೆಗೆ ಬಾಯಿ ತಿರುಗಿಸದಿರುದು, ಗುರಿ ಕೂರುವ ತನಕ ಬೆರಳು ಹೊರಗೆ, ಗುರಿ ಯಾವುದು ಅದರ ಹಿಂದೆ ಎಂತ ಉಂಟು ಗೊತ್ತಿರುದು. ನಿಂತಾಗ ಎರಡನೇದ್ದು ಸುಲಭ, ಕೂತಾಗ ಬಿದ್ದಾಗ ನಿಮ್ಮ ಮೊಣಕಾಲು, ಪಾದ, ಎಡಗೈ ಎಲ್ಲ ದಾರಿಗೆ ಅಡ್ಡ ಬರ್ತದೆ, ಈ ಇಡೀ ಟ್ರೈನಿಂಗಿನ ಮುಕ್ಕಾಲು ಪಾಲು ಅದನ್ನು ತಪ್ಪಿಸುವ ಕಲಿಕೆಯೇ.

ನಾಲ್ಕನೇದ್ದನ್ನು ಅಂಗಡಿಯಲ್ಲಿ ಕೂತು ಯೋಚಿಸಿ. ಎದುರು ಗ್ಲಾಸ್ ಶೋಕೇಸ್, ಅದರಾಚೆ ಗಿರಾಕಿ, ಬಾಗಿಲಿನಾಚೆ ರಸ್ತೆ, ರಸ್ತೆಯಾಚೆ ಬಸ್ಸಿಗೆ ಕಾಯುವವರು. ಕೂತಲ್ಲಿಂದ ಯಾವ ಕೋನಕ್ಕೆ ಹೊಡೆದ್ರೆ ಹಿಂದೆ ಗೋಡೆ ಬರ್ತದೆ, ಯಾವುದಕ್ಕೆ ರಸ್ತೆ ಬರ್ತದೆ ಅಂತ ಅಂಗಡಿ ಮುಚ್ಚಿದ ಮೇಲೆ ಒಂದು ದಿನ ಕೂತು ನೋಡಿ ಇಡಿ. ಕುರ್ಚಿಯನ್ನೇ ನಾಲ್ಕಡಿ ಬದಿಗೆ ಹಾಕಿದ್ರೆ ಹಿಂದೆ ಗೋಡೆ ಸಿಗುದಾದ್ರೆ ಕುರ್ಚಿಯನ್ನೇ ಹಾಕಿ, ಖರ್ಚಿಲ್ಲ.

ಇನ್ನೊಂದು ವಿಷಯ ರಿವಾಲ್ವರಿನವರಿಗೆ ಮಾತ್ರ, ವಿಡಿಯೋದವರೆಲ್ಲ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನವರಾದ ಕಾರಣ ಹೇಳುದಿಲ್ಲ. ಗುಂಡು ತುಂಬುವ ಸಿಲಿಂಡರ್ ಮತ್ತೆ ಬ್ಯಾರೆಲ್ ಮಧ್ಯೆ ಕೂದಲೆಳೆಯ ಹಾಗೆ ಒಂದು ಸಂದು ಉಂಟಲ್ಲ, ಪ್ರತಿ ಗುಂಡಿಗೂ ಅಲ್ಲಿಂದ ಎರಡೂ ಬದಿಗೆ ಬಿಸಿ ಗ್ಯಾಸ್, ಸೀಸದ ಪುಡಿ ಚಿಮ್ಮುತ್ತದೆ. ನಿಂತು ಎರಡು ಕೈಯಲ್ಲಿ ಸರಿಯಾಗಿ ಹಿಡಿದ್ರೆ ಅದು ಗಾಳಿಗೆ ಹೋಗ್ತದೆ, ಗೊತ್ತೇ ಆಗುದಿಲ್ಲ. ಇಕ್ಕಟ್ಟಲ್ಲಿ ಹೊಡೆಯುವಾಗ ಹೆಬ್ಬೆರಳು ಮುಂದೆ ಹೋದ್ರೆ, ಅಥವಾ ಸಿಲಿಂಡರನ್ನು ಹೊಟ್ಟೆಗೆ ಒತ್ತಿ ಹಿಡಿದ್ರೆ, ಕಂಬಕ್ಕೆ ತಾಗಿಸಿ ಇಟ್ರೆ, ಚರ್ಮ ಸುಟ್ಟು ಸೀಳ್ಲಿಕ್ಕೂ ಸಾಕು, ಗೋಡೆಯ ಹುಡಿ ಕಣ್ಣಿಗೆ ಹಾರ್ತದೆ. ಪಿಸ್ತೂಲಿನ ಕಷ್ಟ ಬೇರೆ, ಅದರ ಮೇಲಿನ ಭಾಗ, ಸ್ಲೈಡ್, ಹಿಂದೆ ಮುಂದೆ ಓಡ್ಬೇಕು, ಅಂಗಿಗೋ ಸೀಟಿಗೋ ಸಿಕ್ಕಿದ್ರೆ ಜಾಮ್. ಆ ಮಟ್ಟಿಗೆ ಇಕ್ಕಟ್ಟಿಗೆ ರಿವಾಲ್ವರ್ ವಾಸಿ, ಕೈ ಇಡುವ ಜಾಗ ಗೊತ್ತಿದ್ರೆ.

ಮೊಣಕಾಲೂರುದು ನಿಮಗೆ ಅಷ್ಟು ಬೇಡ. ನೋವಿರುವ ಕಾಲನ್ನು ನೆಲಕ್ಕೆ ಊರಿ ಮತ್ತೆ ಏಳ್ಲಿಕ್ಕೆ ಆಗದಿದ್ರೆ ಅದಕ್ಕಿಂತ ನಿಂತೇ ಬದಿಗೆ ಸರಿಯುದು ಒಳ್ಳೆಯದು. ಮಾಡುದೇ ಆದ್ರೆ ಎಡ ಮೊಣಕಾಲು ಊರಿ ಮಾಡಿ, ಮತ್ತೆ ಅದರ ಉಪಯೋಗ ಇರುದು ಒಂದೇ ಕಡೆ, ಗಿಡ್ಡ ಮರೆಯ ಹಿಂದೆ. ಮರೆ ಅಂದ್ರೆ ಎಂತ ಅಂತ ಕೂಡ ಗೊತ್ತಿರ್ಬೇಕು. ಪ್ಲೈವುಡ್ ಕೌಂಟರ್, ಗೋದ್ರೇಜ್ ಕಪಾಟಿನ ಬಾಗಿಲು, ಜಿಪ್ಸಮ್ ಪಾರ್ಟಿಷನ್ ಎಲ್ಲ ಕಣ್ಣಿಗೆ ಮಾತ್ರ ಮರೆ, ಗುಂಡಿಗೆ ಅಲ್ಲ. ಹಳೆ ಮನೆಯ ದಪ್ಪ ಕೆಂಪುಕಲ್ಲಿನ ಗೋಡೆ, ಕಾಂಕ್ರೀಟ್ ಪಿಲ್ಲರ್ ಮರೆ. ಕಾರಿನಲ್ಲಿ ಇಂಜಿನ್ ಇರುವ ಭಾಗ ಮತ್ತೆ ಚಕ್ರ, ಬಾಗಿಲು ಅಲ್ಲ. ಮತ್ತೆ ಮರೆಗೆ ಅಂಟಿಕೊಂಡು ನಿಲ್ಲಬೇಡಿ, ಇದು ಸಿನಿಮಾದವರು ಕಲಿಸಿದ ದೊಡ್ಡ ದುರಭ್ಯಾಸ. ಗಟ್ಟಿ ಮೈಗೆ ಓರೆಯಾಗಿ ತಾಗಿದ ಗುಂಡು ಬಾಲಿನ ಹಾಗೆ ಅದೇ ಕೋನಕ್ಕೆ ಪುಟಿಯುದಿಲ್ಲ, ಹೆಚ್ಚಾಗಿ ಆ ಮೈಗೆ ಸಮೀಪವೇ ಸವರಿಕೊಂಡು ಹೋಗ್ತದೆ, ಗೋಡೆಗೆ ಕೆನ್ನೆ ಒತ್ತಿ ನಿಂತವನ ಮುಖಕ್ಕೆ ಬರುದು ಅದೇ. ಒಂದು ಕೈ ಉದ್ದಕ್ಕಿಂತ ಹೆಚ್ಚು ಹಿಂದೆ ನಿಂತ್ರೆ ಮರೆಯೂ ಉಂಟು, ರಿವಾಲ್ವರಿನ ಬಾಯಿ ಹೊರಗೆ ಚಾಚುದೂ ಇಲ್ಲ. ಕಾರಿನ ಬಾನೆಟ್ ಮೇಲಿಂದ ಹೊಡೆಯುವವರು ಇನ್ನೊಂದು ಮರೀತಾರೆ, ಗುರಿ ನೋಡುವ ಸೈಟ್ ಇರುದು ಬ್ಯಾರೆಲಿಗಿಂತ ಮೇಲೆ, ಕಣ್ಣಿಗೆ ದಾರಿ ಸರಿ ಕಾಣ್ತದೆ, ಗುಂಡು ಹೋಗಿ ಬಾನೆಟ್ಟಿಗೇ ಬಡೀತದೆ.

ಅಂಗಾತ ಬೀಳುದನ್ನು ಕಲೀಬೇಕಾದ್ದೇ, ಯಾಕಂದ್ರೆ ಅದನ್ನು ನಾವು ಆರಿಸುದಲ್ಲ, ಅದಾಗಿಯೇ ಆಗುದು. ಮಳೆಗಾಲದಲ್ಲಿ ಒದ್ದೆ ಚಪ್ಪಲಿಯವರು ಓಡಾಡಿದ ಟೈಲ್ಸ್ ಮೇಲೆ ಹಿಂದಕ್ಕೆ ಎರಡು ಹೆಜ್ಜೆ ಜೋರಾಗಿ ಇಟ್ಟು ನೋಡಿ. ಅಥವಾ ರಾತ್ರಿ ಮನೆಯಲ್ಲಿ, ಲುಂಗಿಯಲ್ಲಿ. ಬೀಳುವಾಗ ಗಲ್ಲ ಎದೆಗೆ ತಾಗಬೇಕು, ಆಗ ತಲೆಯ ಹಿಂಭಾಗ ನೆಲಕ್ಕೆ ಬಡಿಯುದಿಲ್ಲ. ಕುಂಡೆ ಮೊದಲು, ಮತ್ತೆ ಬೆನ್ನು ಉರುಳಿಕೊಂಡು. ಕೈ ಊರ್ಲಿಕ್ಕೆ ಹೋದ್ರೆ ಮಣಿಕಟ್ಟು ಮುರೀತದೆ, ರಿವಾಲ್ವರ್ ಇರುವ ಕೈ ಊರಿದ್ರೆ ಇನ್ನೂ ಕಷ್ಟ, ಯಾಕಂದ್ರೆ ಗಾಬರಿಯಲ್ಲಿ, ಜಾರಿದಾಗ, ಇನ್ನೊಂದು ಕೈ ಏನನ್ನೋ ಹಿಡಿದಾಗ ಎರಡೂ ಕೈಯ ಬೆರಳು ಒಟ್ಟಿಗೆ ಮುಷ್ಟಿ ಕಟ್ತದೆ, ದೇಹದ ಸ್ವಭಾವವೇ ಅದು. ಬೆರಳು ಟ್ರಿಗರಿನ ಮೇಲಿದ್ರೆ ಗುಂಡು ಹಾರಿತು ಅಂತಲೇ. ಬಿದ್ದ ಮೇಲೆ ಪಾದ ನೆಲಕ್ಕೆ, ಮೊಣಕಾಲು ಎರಡೂ ಬದಿಗೆ ಚೆನ್ನಾಗಿ ಅಗಲಿಸಿ, ಆ ಸಂದಿನಿಂದಲೇ ಎದುರು ನೋಡುದು, ಮೊಣಕಾಲು ಜೋಡಿಸಿದ್ರೆ ಮೊದಲ ಗುಂಡು ನಿಮಗೇ. ಏಳುದು ಇದಕ್ಕಿಂತ ಕಷ್ಟ, ಯಾರೂ ಅದನ್ನು ಕಲಿಸುದೂ ಇಲ್ಲ. ಬೆರಳು ಹೊರಗೆ, ರಿವಾಲ್ವರ್ ಎದುರಿಗೇ, ಎಡ ಬದಿಗೆ ಹೊರಳಿ ಎಡ ಕೈ ನೆಲಕ್ಕೆ ಕೊಟ್ಟು, ಎಡ ಮೊಣಕಾಲು, ಮತ್ತೆ ನಿಲ್ಲುದು. ಬಿದ್ದಲ್ಲೇ ಗುಂಡು ತುಂಬ್ಸುದಾದ್ರೂ ಹಾಗೆ ಬದಿಗೆ ಹೊರಳಿಯೇ ತುಂಬ್ಸಿ, ಅಂಗಾತ ಇದ್ದಲ್ಲಿ ಹೊಡೆದ ಗುಂಡಿನ ಖಾಲಿ ಕೇಸ್‌ಗಳು ಸರಿ ಬೀಳುದಿಲ್ಲ, ಒಂದು ಕೇಸ್ ಅದನ್ನು ಹೊರಗೆ ತಳ್ಳುವ ಎಕ್ಸ್‌ಟ್ರಾಕ್ಟರಿನ ಅಡಿಗೆ ಸಿಕ್ಕಿದ್ರೆ ರಿವಾಲ್ವರ್ ಮುಚ್ಚುದೇ ಇಲ್ಲ.

ಕಾರಿನ ಅಡಿಯಿಂದ ಒಂದು ಬದಿಗೆ ಮಲಗಿ ಹೊಡೆಯುದು, ಉರುಳುದು, ಅದೆಲ್ಲ ಬಿಡಿ, ಚಿನ್ನದಂಗಡಿಯವರಿಗೆ ಅದು ಎಂತಕ್ಕೆ.

ಕಾರಿನ ಒಳಗಿನದ್ದು ಬೇಕಾಗ್ಬಹುದು, ಆದ್ರೆ ಆ ವಿಡಿಯೋಗಳನ್ನು ನೋಡಿ ಕಲೀಬೇಡಿ, ಅವರ ಸ್ಟೀರಿಂಗ್ ಎಡಕ್ಕೆ, ನಮ್ಮದು ಬಲಕ್ಕೆ. ಅವರಿಗೆ ಬೆಲ್ಟಿನ ಬಕಲ್ ಬಲ ಸೊಂಟದಲ್ಲಿ, ಬಾಗಿಲು ಎಡಕ್ಕೆ. ನಮಗೆ ಬಕಲ್ ಎಡದಲ್ಲಿ, ಬಲ ಸೊಂಟದ ಹೋಲ್ಸ್ಟರ್ ಬಾಗಿಲು ಮತ್ತೆ ಸೀಟಿನ ಮಧ್ಯೆ ಹೂತು ಹೋಗಿರ್ತದೆ, ಮೇಲಿಂದ ಬೆಲ್ಟ್ ಬೇರೆ. ಅವರು ಹೇಳಿದ ಕೈಯ ಕ್ರಮ ಇಲ್ಲಿ ಪೂರ್ತಿ ತಿರುಗಿ ಹೋಗ್ತದೆ. ಎಡ ಕೈಯಲ್ಲಿ ಬಕಲ್ ಬಿಚ್ಚಿ ಬೆಲ್ಟನ್ನು ಬಲಕ್ಕೆ ಹೋಗ್ಲಿಕ್ಕೆ ಬಿಟ್ಟ ಮೇಲೆಯೇ ಬಲ ಕೈ ಕೆಲಸ. ಓರೆ ವಿಂಡ್‌ಶೀಲ್ಡ್ ಒಳಗಿಂದ ಹೊಡೆದ್ರೆ ಗುಂಡು ಅಂದುಕೊಂಡದ್ದಕ್ಕಿಂತ ಮೇಲೆ ಹೋಗ್ತದೆ, ಮುಚ್ಚಿದ ಕಾರಲ್ಲಿ ಆ ಶಬ್ದಕ್ಕೆ ಕಿವಿ ಹೋಗುದು ಗ್ಯಾರಂಟಿ. ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಕೇಳಿದ್ರೆ, ಇಂಜಿನ್ ಆನ್ ಇದ್ದು ಮುಂದೆ ದಾರಿ ಇದ್ರೆ ಆಕ್ಸಿಲರೇಟರ್ ಒತ್ತಿ ಹೋಗಿ ಮಾರಾಯ್ರೆ.

ಮನೆಯಲ್ಲಿ ಅಭ್ಯಾಸ ಮಾಡುದು ಖಾಲಿ ರಿವಾಲ್ವರಲ್ಲಿ, ಡ್ರೈ ಪ್ರಾಕ್ಟೀಸ್. ಗುಂಡುಗಳು ಆ ಕೋಣೆಯಲ್ಲೇ ಇರಬಾರದು, ಬೇರೆ ಕೋಣೆಯಲ್ಲಿ ಬೀಗದೊಳಗೆ. ತೆರೆದು ಗುಂಡು ಕೂರುವ ಆರೂ ಮನೆಯನ್ನು ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ ನೋಡಿ, ಸ್ನ್ಯಾಪ್ ಕ್ಯಾಪ್ ಅಂತ ಮದ್ದಿಲ್ಲದ ಡಮ್ಮಿ ಗುಂಡು ಹಾಕಿ, ಇಲ್ಲದಿದ್ರೆ ಫೈರಿಂಗ್ ಪಿನ್ ಹಾಳಾಗ್ಬಹುದು. ಗುರಿ ಇಡುದು ಹೊರಗೋಡೆಗೆ, ಆಚೆ ಬೆಡ್‌ರೂಮ್ ಇರುವ ಗೋಡೆಗಲ್ಲ. ಮನೆಯವರಿಗೆ ಹೇಳಿ ಬಾಗಿಲು ಹಾಕಿ. ಹತ್ತು ನಿಮಿಷ ಆಯ್ತು, ಮುಗೀತು ಅಂತ ಬಾಯಿಬಿಟ್ಟು ಹೇಳಿ ಎತ್ತಿಡಿ. ಅನಾಹುತ ಆಗುದು ಎಲ್ಲಿ ಗೊತ್ತುಂಟಾ, ಮುಗಿಸಿ ಗುಂಡು ತುಂಬಿದ ಮೇಲೆ "ಇನ್ನೊಂದೇ ಸಲ ನೋಡುವ" ಅಂತ ಮತ್ತೆ ಕೈಗೆ ತೆಗೊಂಡಲ್ಲಿ. ಕಾನ್ಪುರದ ರಿವಾಲ್ವರಿನ ಟ್ರಿಗರ್ ಗಟ್ಟಿ, ಹ್ಯಾಮರ್ ಮೊದಲೇ ಎಳೆದಿಡದೆ ಟ್ರಿಗರಿಂದಲೇ ಹೊಡೆಯುವ ಡಬಲ್ ಆಕ್ಷನ್‌ನಲ್ಲಿ ಎಳೆಯುವಾಗ ಇಡೀ ಕೈ ಅಲುಗ್ತದೆ, ಎಡ ಕೈ ಒಂದರಲ್ಲೇ ಎಳೆದು ನೋಡಿದ್ರೆ ಗೊತ್ತಾಗ್ತದೆ ಎಷ್ಟು ಕೆಲಸ ಬಾಕಿ ಉಂಟು ಅಂತ. ಚುನಾವಣೆ ಬಂದು ರಿವಾಲ್ವರ್ ಠಾಣೆಯಲ್ಲಿ ಇಟ್ಟ ತಿಂಗಳುಗಳಲ್ಲಿ ಡಮ್ಮಿಯಲ್ಲಿ ಕುರ್ಚಿಯ ಅಭ್ಯಾಸ ಮುಂದುವರಿಸಿ. ಮತ್ತೆ ಜೂನ್‌ನಿಂದ ಚರ್ಮದ ಹೋಲ್ಸ್ಟರಲ್ಲಿ ಹಾಕಿ ಕಪಾಟಲ್ಲಿ ಇಡಬೇಡಿ, ಚರ್ಮ ತೇವ ಹಿಡಿದು ಕೂರ್ತದೆ, ನಮ್ಮ ಹವೆಗೆ ತುಕ್ಕು ಬರ್ಲಿಕ್ಕೆ ಹೆಚ್ಚು ದಿನ ಬೇಡ. ಎಣ್ಣೆ ಒರೆಸಿ ಬೇರೆಯೇ ಇಡಿ.

ಕಾನೂನಿನ ಒಂದು ಮಾತು, ಯಾಕಂದ್ರೆ ಇದು ಕೂಡ ಟ್ರೈನಿಂಗಿನ ಒಳಗೇ ಬರ್ಬೇಕು. 2024 ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸ್ವರಕ್ಷಣೆಯ ಹಕ್ಕು ಅದರ 34ರಿಂದ 44ರ ತನಕದ ಸೆಕ್ಷನ್‌ಗಳಲ್ಲಿ ಉಂಟು. ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಅಂತ 37 ಹೇಳ್ತದೆ, ದೇಹಕ್ಕೆ ಅಪಾಯ ಅಂತ ಸಕಾರಣ ಭಯ ಇರುವ ತನಕ ಮಾತ್ರ ದೇಹರಕ್ಷಣೆಯ ಹಕ್ಕು ಅಂತ 40. ಅಂಗಾತ ಬಿದ್ದು ಎರಡು ಹೊಡೆದ್ರಿ, ಅವ ತಲವಾರು ಬಿಸಾಡಿ ಬೆನ್ನು ತಿರುಗಿಸಿ ಓಡಿದ, ಮೂರನೇದ್ದು ಹಾರಿಸಿದ್ರೆ ಅದಕ್ಕೆ ನೀವು ಕೋರ್ಟಲ್ಲಿ ಉತ್ತರ ಕೊಡ್ಬೇಕು. ಅದಕ್ಕೇ ಅಭ್ಯಾಸದಲ್ಲಿ ಪ್ರತಿ ಸಲ ಟ್ರಿಗರ್ ಎಳೆದು ಮುಗಿಸಬೇಡಿ. ಎಷ್ಟೋ ಸಲ ಹೊರತೆಗೆದು, ನೋಡಿ, ಹೊಡೆಯದೆ ಬೆರಳು ಹೊರಗೇ ಇಟ್ಟು, ಎದ್ದು ಹಿಂದಿನ ಬಾಗಿಲ ಕಡೆ ಹೋಗಿ 112ಕ್ಕೆ ಫೋನ್ ಮಾಡುವಲ್ಲಿಗೆ ಮುಗಿಸಿ, ಕೈಗೆ ಅದೂ ಅಭ್ಯಾಸ ಆಗ್ಲಿ.

ಈಗ ಮಾಡ್ಬೇಕಾದ್ದು ಇಷ್ಟು. ಮೊದಲ ಒಂದೆರಡು ತಿಂಗಳು ಕುರ್ಚಿ ಮತ್ತೆ ಎಡ ಕೈ, ಅದೂ ಡಮ್ಮಿಯಲ್ಲಿ, ಮತ್ತೆ ಖಾಲಿ ರಿವಾಲ್ವರಲ್ಲಿ. ಬೀಳುದನ್ನು ಹಾಸಿಗೆ ಹಾಕಿ ಡಮ್ಮಿ ಹಿಡಿದು ಮಾತ್ರ ಕಲೀರಿ, ಮೊಣಕಾಲಿನ ಡಾಕ್ಟರನ್ನು ಒಮ್ಮೆ ಕೇಳಿಯೇ. ಆ ಮೇಲೆ ರೇಂಜಿನ ಆಫೀಸರ್ ಹತ್ರ ಹೋಗಿ ಕೂತು ಹೊಡೆಯುವ ವಿಷಯ ಮೊದಲೇ ಮಾತಾಡಿ, ಒಂದು ಸ್ಟೂಲ್ ಇಟ್ಟು ಮೂರು ಮೀಟರಿಂದ, ದಿಬ್ಬಕ್ಕೆ ಒತ್ತಿ ಟಾರ್ಗೆಟ್ ನಿಲ್ಲಿಸಿ, ಒಂದೊಂದೇ ಗುಂಡು ತುಂಬಿಸಿ, ಪಕ್ಕದಲ್ಲಿ ಅವರೇ ನಿಂತಿರ್ಲಿ. ಮಲಗಿ ಹೊಡೀಲಿಕ್ಕೆ ಅವರು ಬಿಡುದಿಲ್ಲ ಅಂದ್ರೆ ವಾದ ಮಾಡ್ಬೇಡಿ, ಮೇಲೆ ಹೇಳಿದ ಲೆಕ್ಕ ಅವರಿಗೂ ಗೊತ್ತುಂಟು.